ಪಾಕ ಬಿಟ್ಟು ಕಂಪ್ಯೂಟರ್ ಹಿಡಿದ ವರ್ಷ

ಹೋದ ತಿಂಗಳು ನಾಗಮಂಗಲದಲ್ಲಿ ನನ್ನ ಹಳೆಯ ಜೊತೆಗಾರ ನಂಜುಂಡನ ಮಗಳ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ನಂಜುಂಡ ನನ್ನ ರಟ್ಟೆ ಹಿಡಿದು ನಡುಮನೆಗೆ ಎಳೆದುಕೊಂಡು ಹೋದ. ಗೋಡೆಗೆ ಹೊಸ ಟೀವಿ ತಗುಲಿಸಿದ್ದರು. ಚಿತ್ರ ಬರುತ್ತಿರಲಿಲ್ಲ. "ಇವ್ರು ಆಫ್ರಿಕಾದಲ್ಲಿ ಕಂಪ್ಯೂಟ್ರು ನೋಡ್ಕತಿದ್ದೋರು ಕಣ್ರಪ್ಪ, ದಾರಿ ಬುಡಿ" ಎಂದು ಬೀಗರ ಮುಂದೆ ಸಾರಿದ. ನಾನು ಹೋಗಿದ್ದು ಸಕ್ಕರೆ ಬೇಯಿಸುವುದಕ್ಕೆ ಎಂದು ಹೇಳಲು ಬಾಯಿ ತೆರೆದೆ. ಯಾರಿಗೂ ಅದು ಬೇಕಿರಲಿಲ್ಲ. ಹಿಂದೆ ಕೈಹಾಕಿ ನೋಡಿದರೆ ಒಂದು ವೈರು ಸಡಿಲವಾಗಿತ್ತು. ಒತ್ತಿದೆ, ಚಿತ್ರ ಬಂತು, ಹೆಂಗಸರು "ಅಬ್ಬಾ" ಎಂದರು. ಸಡಿಲವಾದ ವೈರನ್ನು ಒತ್ತಿದವನಿಗೆ ಅಬ್ಬಾ ಎನ್ನುವ ಜನರ ನಡುವೆ ನನ್ನ ಅರ್ಧ ಆಯಸ್ಸು ಕಳೆದಿದೆ.

ವಾಪಸು ಬರುವಾಗ ಬಸ್ಸು ತೊಣ್ಣೂರಿನ ಕೈಮರ ದಾಟುತ್ತಿದ್ದ ಹಾಗೆ ಕಿಟಕಿಯಿಂದ ಆಲೆಮನೆಯ ವಾಸನೆ ನುಗ್ಗಿತು. ಹದವಾದ ಬೆಲ್ಲದ ವಾಸನೆಯಲ್ಲ. ಯಾರೋ ಕೊಪ್ಪರಿಗೆ ಬಿಟ್ಟು ಬೀಡಿ ಸೇದಲು ಹೋಗಿರಬೇಕು, ಪಾಕ ತಳ ಹಿಡಿದಿತ್ತು. ಆ ಸೀದ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಗದ್ದೆಬಯಲು ನನ್ನ ಕಣ್ಣಿಂದ ಮರೆಯಾಗಿ ಕೀನ್ಯಾದ ಪಶ್ಚಿಮದ ಕಬ್ಬಿನ ಗುಡ್ಡಗಳೂ, ಅಲ್ಲಿನ ಕಾರ್ಖಾನೆಯೂ, ಕೊಳವೆಯ ಕವಾಟದ ಮೇಲೆ ಬಗ್ಗಿದ್ದ ನನ್ನ ಗುರು ಮಾರೀಗೌಡರ ಬೆನ್ನೂ ಕಂಡವು. ತೊಂಬತ್ತರ ದಶಕದ ನಡುವಿನ ಮಾತು. ಅಲ್ಲಿ ನಾನು ಇದ್ದದ್ದು ಒಂದೇ ವರ್ಷ ಚಿಲ್ಲರೆ.

ಆಗ ನನಗೆ ಇಪ್ಪತ್ತಾರು. ನಮ್ಮ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ. ಕೆಲಸವೆಂದರೆ ಗಾಜಿನ ನಳಿಕೆ ತೊಳೆಯುವುದು, ರಸದ ಸ್ಯಾಂಪಲ್ಲು ತರುವುದು, ದೊಡ್ಡವರು ಹೇಳಿದ ಅಂಕಿಯನ್ನು ಪುಸ್ತಕದಲ್ಲಿ ಬರೆಯುವುದು. ಬಿ.ಎಸ್ಸಿ. ಓದಿದವನಿಗೆ ಇಷ್ಟು ಸಾಕು ಎಂದು ಎಲ್ಲರೂ ಅಂದುಕೊಂಡಿದ್ದರು. ನನಗೆ ಸಾಕಾಗಿರಲಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಗಂಡಸು ಅನ್ನಿಸಿಕೊಳ್ಳುವವನು ಒಬ್ಬನೇ, ಪ್ಯಾನ್‌ಮ್ಯಾನ್. ಪ್ಯಾನ್ ಎಂದರೆ ಎರಡು ಅಂತಸ್ತಿನಷ್ಟು ಎತ್ತರದ ಕಬ್ಬಿಣದ ಹಂಡೆ, ಅದರ ಹೊಟ್ಟೆಯಲ್ಲಿ ಅಂಗೈಯಗಲದ ಗಾಜಿನ ಕಣ್ಣು. ಒಳಗೆ ಕುದಿಯುವ ಪಾಕದಲ್ಲಿ ಹರಳು ಯಾವ ಗಳಿಗೆಯಲ್ಲಿ ಕಟ್ಟುತ್ತದೆಂದು ಅವನೊಬ್ಬನಿಗೆ ಗೊತ್ತು. ಅವನು ಸರಿಯಾಗಿ ಇಳಿಸಿದರೆ ಸಕ್ಕರೆ, ತಪ್ಪಿದರೆ ಕೆಸರು. ಮ್ಯಾನೇಜರುಗಳೂ ಅವನ ಹತ್ತಿರ ಮೆತ್ತಗೆ ಮಾತನಾಡುತ್ತಾರೆ. ನಾನು ಆ ಮನುಷ್ಯನಾಗಬೇಕೆಂದಿದ್ದೆ. ನಮ್ಮೂರಿನಲ್ಲಿ ಆ ಜಾಗ ಖಾಲಿಯಾಗುವ ಹೊತ್ತಿಗೆ ನನ್ನ ತಲೆ ನೆರೆಯುತ್ತಿತ್ತು. ಶ್ರೀರಂಗಪಟ್ಟಣದಲ್ಲಿದ್ದ ಒಬ್ಬ ನಿವೃತ್ತ ಕೆಮಿಸ್ಟರು, "ಕೀನ್ಯಾದಲ್ಲಿ ನಮ್ಮ ಮಾರೀಗೌಡ ಇದಾನೆ, ಒಂದು ಹಂಗಾಮು ಅವನ ಕೈಕೆಳಗೆ ನಿಂತು ಬಾ, ಎಲ್ಲಿ ಹೋದರೂ ಪ್ಯಾನ್ ಕೊಡುತ್ತಾರೆ" ಎಂದು ಕಾಗದ ಬರೆದುಕೊಟ್ಟರು. ಹೋದೆ.

ಮಾರೀಗೌಡರು ಅಕ್ಕಿಹೆಬ್ಬಾಳಿನವರು. ಹುಡುಗರಾಗಿದ್ದಾಗ ಹೇಮಾವತಿ ದಂಡೆಯಲ್ಲಿ ತಮ್ಮಪ್ಪನ ಆಲೆಮನೆಯಲ್ಲಿ ಕೊಪ್ಪರಿಗೆ ಕಾದವರು, ಆಮೇಲೆ ಕಾರ್ಖಾನೆ ಸೇರಿ ಇಡೀ ಜನ್ಮ ಪ್ಯಾನ್ ಬೇಯಿಸಿದವರು. ಐದನೇ ಕ್ಲಾಸಿನ ಓದು. ಇಂಗ್ಲಿಷಿನಲ್ಲಿ 'ಸ್ಟೀಮ್', 'ವಾಟರ್', 'ಈಡಿಯಟ್' ಮೂರೇ ಮಾತು. ಮೂರರಲ್ಲೇ ಅಲ್ಲಿ ನಾಲ್ಕು ವರ್ಷ ತೂಗಿಸಿದ್ದರು. ಮುಂದಿನ ಏಪ್ರಿಲ್‌ನಲ್ಲಿ ದೊಡ್ಡ ಮಳೆಗೆ ಕಾರ್ಖಾನೆ ನಿಲ್ಲಿಸುವಾಗ ಅವರು ಊರಿಗೆ ಹೊರಡುವುದೆಂದು ಗೊತ್ತಾಗಿತ್ತು. ಅವರ ಜಾಗಕ್ಕೆ ಯಾರನ್ನು ನಿಲ್ಲಿಸಬೇಕೆಂದು ಅವರೇ ಹೇಳಬೇಕು. ಅವರು ಯಾರ ಹೆಸರು ಬರೆದುಕೊಟ್ಟರೆ ಅವರಿಗೆ ಪ್ಯಾನ್. ನನ್ನ ಕೈಯಲ್ಲಿ ಒಂಬತ್ತು ತಿಂಗಳಿತ್ತು.

ಪ್ಯಾನಿನ ಮೇಲೆ ಇನ್ನೊಬ್ಬನಿದ್ದ, ಓಟಿಯೆನೋ. ಅಲ್ಲಿಯವನೇ, ನಲವತ್ತರ ಗಟ್ಟಿ ಆಳು. ಹನ್ನೆರಡು ವರ್ಷದಿಂದ ಬೇರೆಯವರು ಹೇಳಿದಂತೆ ಕವಾಟ ತಿರುಗಿಸಿಕೊಂಡಿದ್ದವನು. ಗೌಡರ ಜೊತೆ ಇದ್ದು ಇದ್ದು ಅವನಿಗೆ ನಮ್ಮ ಭಾಷೆ ಬಂದುಬಿಟ್ಟಿತ್ತು. ನಾನು ಮೊದಲ ದಿನ ಕಬ್ಬಿಣದ ಮೆಟ್ಟಿಲು ಹತ್ತುವಾಗ ಮೇಲಿನಿಂದ, "ಬಾರ್ಲಾ, ಉಷಾರು, ಜಾರ್ತದೆ" ಎಂದು ಒಂದು ದನಿ ಬಂತು. ತಲೆಯೆತ್ತಿದರೆ ಓಟಿಯೆನೋ. ಕೃಷ್ಣರಾಜಪೇಟೆಯ ಸಂತೆಯಲ್ಲಿ ನಮ್ಮವನೊಬ್ಬ ಎದುರಾದ ಹಾಗಾಯಿತು.

ನಾವು ಮೂವರು, ಗೌಡರು, ಫಿಟ್ಟರ್ ಕೆಲಸಕ್ಕೆ ಬಂದಿದ್ದ ನಂಜುಂಡ ಮತ್ತು ನಾನು, ತಗಡಿನ ಸೂರಿನ ಒಂದು ಕ್ವಾರ್ಟರ್ಸಿನಲ್ಲಿದ್ದೆವು. ಅಲ್ಲಿಯ ಸಂತೆಯಲ್ಲಿ 'ವಿಂಬಿ' ಅಂದರೆ ನಮ್ಮ ರಾಗಿಯೇ. ಗೌಡರು ಮುದ್ದೆ ತಿರುವುತ್ತಿದ್ದರು, ನಂಜುಂಡ ಸೊಪ್ಪು ಬೇಯಿಸುತ್ತಿದ್ದ, ಪಾತ್ರೆ ನನ್ನದು. ದಿನಾ ಮಧ್ಯಾಹ್ನ ನಾಲ್ಕರ ಸುಮಾರಿಗೆ ಅಲ್ಲಿಯ ದೊಡ್ಡ ಸರೋವರದ ಕಡೆಯಿಂದ ಮೋಡ ಎದ್ದು ಒಂದು ಗಂಟೆ ಬಾರಿಸಿ ಹೋಗುತ್ತಿತ್ತು. ಆ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲವಾದ್ದರಿಂದ ನಂಜುಂಡನೂ ಸುಮ್ಮನಿರುತ್ತಿದ್ದ. ಆ ಮಳೆಯಿಂದ ನಮಗಾದ ದೊಡ್ಡ ಉಪಕಾರ ಅದು.

ಗೌಡರು ಕಲಿಸುತ್ತಿದ್ದ ರೀತಿ ಹೀಗೆ. ಹಂಡೆಯಿಂದ ಒಂದು ಕಡ್ಡಿಯಲ್ಲಿ ಪಾಕ ತೆಗೆದು ಗಾಜಿನ ತುಂಡಿನ ಮೇಲೆ ಸವರಿ ಬೆಳಕಿಗೆ ಹಿಡಿಯಬೇಕು. ನಾನು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದರೆ ಅವರಿಗೆ ರೇಗುತ್ತಿತ್ತು.

"ಎಣ್ಣು ನೋಡಕ್ಕೆ ಬಂದಿದ್ದೀಯೇನ್ಲಾ ಶಿವಣ್ಣ, ಅಂಗೆ ನೋಡ್ತಾ ಕುಂತ್ಕಳ್ಳಕ್ಕೆ? ಬೆಟ್ನಲ್ಲಿ ನೋಡು, ಬೆಟ್ನಲ್ಲಿ."

ಹೆಬ್ಬೆರಳು ತೋರುಬೆರಳಿನ ನಡುವೆ ಪಾಕ ಹಿಡಿದು ಎಳೆಯಬೇಕು. ಎಳೆ ಎಷ್ಟು ದೂರ ಬಂದು ಹೇಗೆ ಕಡಿಯುತ್ತದೆ, ಕಡಿದ ತುದಿ ಮೇಲೆ ಸುರುಳುತ್ತದೋ ಇಲ್ಲವೋ, ಬೆರಳಿಗೆ ನುಣುಪೋ ತರಿಯೋ. ಬಿಸಿಗೆ ನನ್ನ ಬೆರಳ ತುದಿ ಬೊಬ್ಬೆ ಬಂದು, ಒಡೆದು, ಗಟ್ಟಿಯಾಯಿತು. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಹತ್ತಕ್ಕೆ ಆರು ಸಲ ನನ್ನ ಊಹೆ ಸರಿಯಿರುತ್ತಿತ್ತು. ಗೌಡರದ್ದು ಒಂದು ಕಟ್ಟುನಿಟ್ಟಿತ್ತು. ಬೀಜ ಹಾಕಿದವನೇ ಇಳಿಸಬೇಕು. ಹಂಡೆಗೆ ಸಕ್ಕರೆಯ ಸಣ್ಣ ಹರಳನ್ನು ಬೀಜವಾಗಿ ಬಿಟ್ಟ ಗಳಿಗೆಯಿಂದ, ಬೆಂದು ಕೆಳಗಿಳಿಯುವ ತನಕ ಮೂರು ಗಂಟೆ ಅವನು ಕದಲಕೂಡದು. ಉಚ್ಚೆಗೂ ಹೋಗಕೂಡದು. ಅವರು ಹೋಗುತ್ತಿರಲಿಲ್ಲ.

ಇಷ್ಟು ಚೆನ್ನಾಗಿ ನಡೆದುಕೊಂಡು ಹೋಗುತ್ತಿದ್ದಾಗ ಆಯುಧಪೂಜೆ ಬಂತು.

ಆಫೀಸಿನಲ್ಲಿ ಕೆಲ ತಿಂಗಳ ಹಿಂದೆ ಒಂದು ಕಂಪ್ಯೂಟರ್ ಬಂದಿತ್ತು. ಅದನ್ನು ತರಿಸಿದವರು ಆಫೀಸ್ ಮ್ಯಾನೇಜರ್ ಭಟ್ನಾಗರ್. ಅದಕ್ಕೊಂದು ಕೋಣೆ, ಕೋಣೆಗೊಂದು ಏಸಿ, ಮೇಲೆ ಹೊದೆಸಲು ನೀಲಿ ಮಖಮಲ್ಲು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಜನರ ಬಾಯಿಗೆ ಹೋಗುವ ಸಕ್ಕರೆಯ ಪಕ್ಕದಲ್ಲಿ ಗಮ್‌ಬೂಟು ಹಾಕಿಕೊಂಡು ಓಡಾಡುವ ಕಾರ್ಖಾನೆಯಲ್ಲಿ ಆ ಪೆಟ್ಟಿಗೆಯ ಮುಂದೆ ಮಾತ್ರ ಬರಿಗಾಲು. ಯಾವ ರೈತನ ಕಬ್ಬು ಯಾವ ದಿನ ಕಡಿಯಬೇಕೆಂಬ ಸರದಿ ಪಟ್ಟಿಯನ್ನು ಅದರೊಳಗೆ ಹಾಕಿಸಿದ್ದರು. ಮೊದಲು ಆ ಪಟ್ಟಿ ಗೋಡೆಯ ಮೇಲೆ ಕಪ್ಪು ಹಲಗೆಯಲ್ಲಿರುತ್ತಿತ್ತು, ಯಾರು ಬೇಕಾದರೂ ಬಂದು ಓದಬಹುದಿತ್ತು. ಈಗ ಭಟ್ನಾಗರ್ ಒಬ್ಬರೇ ಓದಬಹುದಿತ್ತು. ಇದನ್ನು ಅವರು ಸುಧಾರಣೆ ಎಂದು ಕರೆದರು.

ಪೂಜೆಯ ಯಜಮಾನಿಕೆ ಗೌಡರದ್ದು. ಕಬ್ಬು ಅರೆಯುವ ಗಿರಣಿ, ಬಾಯ್ಲರು, ಪ್ಯಾನು, ಟ್ರಾಕ್ಟರು, ನಂಜುಂಡನ ಸ್ಪ್ಯಾನರುಗಳು, ಎಲ್ಲಕ್ಕೂ ತೊಳೆದು ವಿಭೂತಿ, ಅರಿಸಿನ, ಕುಂಕುಮ. ಕಡೆಗೆ ಆಫೀಸಿಗೂ ಬಂದರು. ಭಟ್ನಾಗರ್ ಊಟಕ್ಕೆ ಹೋಗಿದ್ದರು. ಗೌಡರು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕಂಪ್ಯೂಟರಿನ ಹಣೆಗೆ ಇಟ್ಟರು. ಪಕ್ಕದಲ್ಲಿ ಡಬ್ಬಿಯೊಳಗೆ ಫ್ಲಾಪಿಗಳಿದ್ದವು, ಆ ಕಾಲದ ದೊಡ್ಡ ಕರೀ ಚೌಕಗಳು, ಬಟ್ಟೆಯ ಹಾಗೆ ಬಳುಕುವಂಥವು. ಒಂದೊಂದರ ಮೇಲೂ ಉದ್ದನೆಯ ಸೀಳು, ಸೀಳಿನಲ್ಲಿ ಒಳಗಿನ ತಟ್ಟೆ ಕಾಣುತ್ತದೆ.

"ಇದ್ಯೇನ್ಲಾ?"

"ಕಂಪ್ಯೂಟರಿನ ಸಾಮಾನು ಗೌಡ್ರೇ."

"ಸಾಮಾನು ಅಂದ್ಮೇಲೆ ಅದ್ಕೂ ಬ್ಯಾಡ್ವಾ?"

ಆ ಸೀಳು ಅವರಿಗೆ ಹಣೆಯ ಹಾಗೆ ಕಂಡಿತು. ಹನ್ನೊಂದು ಫ್ಲಾಪಿಗೂ, ಒಂದನ್ನೂ ಬಿಡದೆ, ಸರಿಯಾಗಿ ಆ ಸೀಳಿನ ನಡುವೆಯೇ, ನೀರಿನಲ್ಲಿ ಕಲಸಿದ ಕುಂಕುಮ ಇಟ್ಟು ಕೈಮುಗಿದರು. ನಾನು ಪಕ್ಕದಲ್ಲಿ ತಟ್ಟೆ ಹಿಡಿದುಕೊಂಡು ನಿಂತಿದ್ದೆ. ಬಿ.ಎಸ್ಸಿ. ಓದಿದ ಬೆಪ್ಪ. ಊದುಬತ್ತಿ ಬೆಳಗಿದೆ.

ಮಾರನೆಯ ಬೆಳಿಗ್ಗೆ ಭಟ್ನಾಗರ್ ಒಂದೊಂದಾಗಿ ಐದು ಫ್ಲಾಪಿ ತುರುಕಿದರು. ಒಂದೂ ಓದಲಿಲ್ಲ. ಆರನೆಯದಕ್ಕೆ ಯಂತ್ರ ಕರಕರ ಎಂದು ಕೆಂಪು ಪುಡಿ ಉಗುಳಿತು. ಇಡೀ ಕಾರ್ಖಾನೆಗೆ ಕೇಳುವ ಹಾಗೆ ಕೂಗಾಡಿದರು. ಇದನ್ನು ಮಾಡಿದವನನ್ನು ಇದೇ ವಾರದ ವಿಮಾನಕ್ಕೆ ಹತ್ತಿಸುತ್ತೇನೆ ಎಂದರು. ಗೌಡರು ಪ್ಯಾನಿನ ಮೇಲಿದ್ದರು, ಅವರಿಗೆ ಏನೂ ಗೊತ್ತಿಲ್ಲ. ಅವರು ವಿಮಾನ ಹತ್ತಿದರೆ ನನ್ನ ಪ್ಯಾನೂ ಹತ್ತಿದಂತೆಯೇ. ನಾನು ಮುಂದೆ ಹೋಗಿ, "ಸರ್, ನಾನು ಸರಿಮಾಡುತ್ತೇನೆ" ಎಂದೆ.

ಈ ನಾಲಗೆಯನ್ನು ಆ ಹೊತ್ತಿಗೆ ಕಚ್ಚಿಕೊಂಡಿದ್ದರೆ ಆಗುತ್ತಿತ್ತು.

ಪ್ರಯೋಗಾಲಯದಿಂದ ಸ್ಪಿರಿಟ್ಟೂ ಹತ್ತಿಯೂ ತಂದೆ. ಫ್ಲಾಪಿಯ ನಡುವಿನ ತೂತಿಗೆ ಬೆರಳು ಹಾಕಿ ಒಳಗಿನ ತಟ್ಟೆಯನ್ನು ಚೂರುಚೂರೇ ತಿರುಗಿಸುತ್ತ, ಸೀಳಿನಲ್ಲಿ ಒರೆಸುತ್ತ ಹೋದೆ. ಗಾಜಿನ ನಳಿಕೆ ತೊಳೆದ ಕೈ, ಅದಕ್ಕೆ ಇಂಥ ಕೆಲಸ ಹೊಸದಲ್ಲ. ಯಂತ್ರದ ಬಾಯನ್ನೂ ಒರೆಸಿದೆ. ಹನ್ನೊಂದರಲ್ಲಿ ಒಂಬತ್ತು ಓದಿಕೊಂಡವು. ಉಳಿದ ಎರಡರಲ್ಲಿ ಏನಿತ್ತೆಂದು ಭಟ್ನಾಗರ್‌ಗೇ ನೆನಪಿರಲಿಲ್ಲ, ಆದ್ದರಿಂದ ನಷ್ಟವೂ ಇರಲಿಲ್ಲ. ಅವರು ನನ್ನ ಕೈ ಹಿಡಿದು ಕುಲುಕಿದರು. ಕಂಪ್ಯೂಟರ್ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಅದು ಅವರಿಗೆ ಮುಖ್ಯವಾಗಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಅಲ್ಲಿಂದ ಶುರುವಾಯಿತು. ಆಫೀಸಿನ ಜವಾನ ಪ್ಯಾನಿನ ಮೆಟ್ಟಿಲ ಕೆಳಗೆ ಬಂದು ನಿಂತು "ಬ್ವಾನಾ ಕಂಪ್ಯೂಟಾ!", ಕಂಪ್ಯೂಟರ್ ಸಾಹೇಬರೇ, ಎಂದು ಕೂಗುತ್ತಿದ್ದ. ಹೋಗಿ ನೋಡಿದರೆ ಯಾರೋ ಪ್ಲಗ್ಗು ಕಿತ್ತು ಕಾಫಿ ಕಾಯಿಸುವ ಕೆಟಲ್ ಸಿಕ್ಕಿಸಿರುತ್ತಿದ್ದರು. ಇನ್ನೊಂದು ದಿನ ಕೀಲಿಗಳ ಮೇಲೆ ಕಡತ ಇಟ್ಟು, ಪರದೆಯ ತುಂಬ ಒಂದೇ ಅಕ್ಷರ ಓಡುತ್ತಿದೆ, ಇದು ವೈರಸ್ಸು ಎಂದು ಗುಮಾಸ್ತರೆಲ್ಲ ಕೋಣೆಯಿಂದ ಹೊರಗೆ ಬಂದು ನಿಂತಿದ್ದರು. ಒಬ್ಬ ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದ. ನಾನು ಕಡತ ಎತ್ತಿದೆ. ಭಟ್ನಾಗರ್ ಅದಕ್ಕೂ ಕೈಕುಲುಕಿದರು. ಪದವಿ ಪಡೆದವರು, ಟೈ ಕಟ್ಟಿದವರು, ಮನೆಯಲ್ಲಿ ಹೆಂಡತಿ ಮಕ್ಕಳನ್ನು ಗದರಿಸುವವರು, ಒಂದು ಪೆಟ್ಟಿಗೆಯ ಮುಂದೆ ಹೀಗೆ ಕುರಿಗಳ ಹಾಗೆ ನಿಲ್ಲುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಒಂದು ಸಲ ಪ್ಲಗ್ಗು ನೋಡಿ ಎಂದು ಹೇಳಿಕೊಟ್ಟರೆ ತಲೆದೂಗುತ್ತಿದ್ದರು. ಮಾರನೆಯ ದಿನ ಮತ್ತೆ ಪ್ಲಗ್ಗಿಗೇ ಕರೆಯುತ್ತಿದ್ದರು.

ಕ್ವಾರ್ಟರ್ಸಿನಲ್ಲಿ ನಂಜುಂಡನಿಗೆ ಇದೇ ಮೇವು.

"ಗೌಡ್ರೇ, ಕಂಪ್ಯೂಟ್ರಿಗೆ ಒಸಿ ಜಾಸ್ತಿ ಮುದ್ದೆ ಇಕ್ಕಿ. ಬಟನ್ ಒತ್ತಿ ಒತ್ತಿ ಸುಸ್ತಾಗವ್ನೆ."

"ನಿನ್ ಬಾಯಿಗೊಂದು ಬಟನ್ ಇದ್ದಿದ್ರೆ ಒತ್ಬುಡ್ತಿದ್ದೆ" ಎಂದೆ.

ಗೌಡರು ನಗಲಿಲ್ಲ. ಮುದ್ದೆ ಮುರಿಯುತ್ತ, "ಇವತ್ತು ಬೀಜ ಕಟ್ಟೋ ಹೊತ್ನಲ್ಲಿ ಎಲ್ಲಿಗ್ಲಾ ಹೋಗಿದ್ದೆ?" ಎಂದರು.

"ಆಫೀಸಿಗೆ ಗೌಡ್ರೇ. ಕರೆದ್ರು."

"ನೆನ್ನೆ?"

"ನೆನ್ನೆಯೂ."

"ಊಂ" ಎಂದರು. ಅವರ ಫ್ಲಾಪಿ ಕುಂಕುಮದಿಂದಲೇ ಇದೆಲ್ಲ ಗಂಟುಬಿದ್ದದ್ದು ಎಂದು ನಾನು ಅವರಿಗೆ ಹೇಳಿರಲಿಲ್ಲ. ಹೇಳಲೂ ಇಲ್ಲ. ಹೇಳಿದ್ದರೆ ಅವರು ನೇರ ಭಟ್ನಾಗರ್ ಹತ್ತಿರ ಹೋಗಿ "ನಾನ್ ಮಾಡಿದ್ದು, ಏನೀವಾಗ?" ಎಂದು ನಿಲ್ಲುತ್ತಿದ್ದರು.

ನವೆಂಬರ್ ಹೋಯಿತು, ಜನವರಿ ಹೋಯಿತು. ಬೆರಳ ತುದಿ ಮತ್ತೆ ಮೆತ್ತಗಾಗಿರುವುದನ್ನು ಒಂದು ದಿನ ಪಾತ್ರೆ ತೊಳೆಯುವಾಗ ಗಮನಿಸಿದೆ. ಗಾಬರಿಯಾಯಿತು. ಗೌಡರ ಹತ್ತಿರ ಹೋಗಿ, ಒಂದು ಪ್ಯಾನ್ ಪೂರ್ತಿ ನನಗೆ ಬಿಡಿ, ನೋಡಿ, ಆಮೇಲೆ ತೀರ್ಮಾನ ಮಾಡಿ ಎಂದು ಕೇಳಿಕೊಂಡೆ. ಅವರು ನನ್ನ ಬೆರಳು ಹಿಡಿದು ತಿರುಗಿಸಿ ನೋಡಿ, "ಸುಕ್ರವಾರ ಮೂರ್ನೇ ಪ್ಯಾನು ನಿಂದು. ನಾನು ಕೈಕಟ್ಕೊಂಡು ಕುಂತಿರ್ತೀನಿ. ಬೀಜ ಆಕಿ ಇಳ್ಸೋಗಂಟ ನೀನೇ" ಎಂದರು. ಓಟಿಯೆನೋ ನನ್ನ ಬೆನ್ನು ತಟ್ಟಿ, "ಆಗ್ತದೆ ಕಣ್ಲಾ" ಎಂದ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಸಿರಪ್ಪು ತೆಗೆದುಕೊಂಡೆ. ಗೌಡರು ಮೂಲೆಯಲ್ಲಿ ಮಗುಚಿದ ಬಕೆಟ್ಟಿನ ಮೇಲೆ ಕೂತರು, ಕೈ ಕಂಕುಳಲ್ಲಿ. ಪಾಕ ಸೊರಗಿತು, ದಪ್ಪಗಾಯಿತು, ಗಾಜಿನ ಕಣ್ಣಿನ ಮೇಲೆ ತೆರೆ ಬಿದ್ದು ಸರಿಯಿತು. ಬೆರಳಲ್ಲಿ ಎಳೆ ಎಳೆದೆ. ಬಂತು, ಸುರುಳಿತು, ಕಡಿಯಿತು. ಬೀಜ ಬಿಟ್ಟೆ. ಹತ್ತು ನಿಮಿಷದ ಮೇಲೆ ಗಾಜಿನ ತುಂಡನ್ನು ಬೆಳಕಿಗೆ ಹಿಡಿದರೆ ಒಂದೇ ಗಾತ್ರದ ಹರಳು, ಸಾಸಿವೆ ಚೆಲ್ಲಿದ ಹಾಗೆ. ಗೌಡರಿಗೆ ತೋರಿಸಿದೆ. ಒಂದು ಸಲ ಮೂಗಿನಲ್ಲಿ ಉಸಿರು ಬಿಟ್ಟರು. ಅವರಿಗದು ಹೊಗಳಿಕೆ. ಆ ಐದು ನಿಮಿಷ ನಾನು ಪ್ಯಾನ್‌ಮ್ಯಾನ್ ಆಗಿದ್ದೆ.

"ಬ್ವಾನಾ ಕಂಪ್ಯೂಟಾ!"

ಆಗುವುದಿಲ್ಲ ಎಂದೆ. ಜವಾನ ಹೋದ, ಮತ್ತೆ ಬಂದ. ಆಗುವುದಿಲ್ಲವೆಂದೆ. ಮೂರನೆಯ ಸಲ ಭಟ್ನಾಗರ್ ತಾವೇ ಬಂದರು. ನೈರೋಬಿಯಿಂದ ಡೈರೆಕ್ಟರುಗಳು ಬಂದು ಕೂತಿದ್ದಾರೆ, ಪರದೆ ಕಪ್ಪಾಗಿದೆ. ಮೆಟ್ಟಿಲ ಕೆಳಗೆ ನಿಂತು, ನನ್ನ ಮುಖ ನೋಡುತ್ತ, ಕೈಮುಗಿದುಬಿಟ್ಟರು. "ಶಿವಣ್ಣ, ನಿಮ್ಮೊಬ್ಬರ ಕೈಲೇ ಆಗೋದು. ನಿಮ್ಮೊಬ್ಬರ ಕೈಲೇ."

ಹಿಂತಿರುಗಿ ನೋಡಿದೆ. ಗೌಡರು ಬಕೆಟ್ಟಿನ ಮೇಲೆ ಹಾಗೇ ಕೂತಿದ್ದರು. ಕೈ ಕಂಕುಳಲ್ಲೇ ಇತ್ತು.

"ಐದೇ ನಿಮಿಷ ಗೌಡ್ರೇ" ಎಂದೆ.

ಪರದೆ ಕಪ್ಪಾಗಿದ್ದದ್ದು ಏಕೆಂದರೆ, ಡೈರೆಕ್ಟರುಗಳು ಬರುತ್ತಾರೆಂದು ಒರೆಸಿದವನು ಬಟ್ಟೆಯಲ್ಲಿ ಬೆಳಕಿನ ತಿರುಪನ್ನು ಪೂರ್ತಿ ತಿರುಗಿಸಿಬಿಟ್ಟಿದ್ದ. ಒಂದು ಬೆರಳಲ್ಲಿ ವಾಪಸು ತಿರುಗಿಸಿದೆ. ಅಷ್ಟೇ ಕೆಲಸ. ಆಮೇಲೆ ನಾನು ಎದ್ದು ಓಡಬೇಕಿತ್ತು. ಆದರೆ ಡೈರೆಕ್ಟರುಗಳಲ್ಲೊಬ್ಬರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಆ ಪಟ್ಟಿ ತೋರಿಸಿ, ಈ ಪಟ್ಟಿ ತೋರಿಸಿ ಎಂದರು. ಟೀ ಬಂತು. ಕೆನೆ ಬಿಸ್ಕತ್ತು ಬಂತು. ಭಟ್ನಾಗರ್ ನನ್ನನ್ನು 'ನಮ್ಮ ಕಂಪ್ಯೂಟರ್ ವಿಭಾಗ' ಎಂದು ಪರಿಚಯಿಸಿದರು. ನಾನೊಬ್ಬನೇ ಒಂದು ವಿಭಾಗ. ನಾನು ಬಿಸ್ಕತ್ತು ತಿಂದೆ. ಎರಡು ತಿಂದೆ. ಜನ ನನ್ನ ಬೆನ್ನ ಹಿಂದೆ ಉಸಿರು ಹಿಡಿದು ನಿಂತಿದ್ದರು, ನನ್ನ ಬೆರಳು ಎಲ್ಲಿ ಹೋಗುತ್ತದೋ ಅವರ ಕಣ್ಣು ಅಲ್ಲಿ. ಎಷ್ಟು ವರ್ಷವಾದರೂ ಇದನ್ನು ಬೇರೆ ಥರ ಹೇಳಿಕೊಳ್ಳಲು ಆಗಿಲ್ಲ: ನನಗೆ ಅದು ಹಿತವಾಗಿತ್ತು.

ಗೋಡೆಯ ಗಡಿಯಾರ ನೋಡಿದಾಗ ನಲವತ್ತು ನಿಮಿಷವಾಗಿತ್ತು.

ಮೆಟ್ಟಿಲು ಹತ್ತುವಾಗಲೇ ನೀರಿನ ಸದ್ದು ಕೇಳಿತು. ಹದ ತಪ್ಪಿದ ಪ್ಯಾನಿನಲ್ಲಿ ಬೇಡದ ಪುಡಿ ಹರಳು ಏಳುತ್ತದೆ, ಅದನ್ನು ಕರಗಿಸಲು ಒಳಗೆ ನೀರು ಬಿಡಬೇಕು. ಗೌಡರು ಕವಾಟದ ಮೇಲೆ ಬಗ್ಗಿದ್ದರು, ಓಟಿಯೆನೋ ಹಬೆಯ ಕವಾಟ ಹಿಡಿದಿದ್ದ. ಎಲ್ಲೋ ಸಿರಪ್ಪು ಚೆಲ್ಲಿ ಕಾದ ಪೈಪಿನ ಮೇಲೆ ಸೀಯುತ್ತಿತ್ತು. ನಾನು ಕೈಚಾಚಿದೆ.

"ಬುಡು. ಮುಟ್ಬ್ಯಾಡ" ಎಂದರು ಗೌಡರು, ತಿರುಗಿ ನೋಡದೆ. ಅವರು ಆ ಪ್ಯಾನನ್ನು ಉಳಿಸಿಕೊಂಡು ಇಳಿಸಿದರು. ನಾನು ಆ ಬಕೆಟ್ಟಿನ ಪಕ್ಕ ನಿಂತೇ ಇದ್ದೆ. ನಾಲ್ಕಕ್ಕೆ ಮಳೆ ಬಂತು.

ಊಟದ ಹೊತ್ತಿಗೆ ನಂಜುಂಡನಿಗೂ ವಿಷಯ ಮುಟ್ಟಿತ್ತು, ತಲೆ ತಗ್ಗಿಸಿ ಸೊಪ್ಪು ಬಡಿಸಿದ. ನಾನೇ ತಡೆಯಲಾರದೆ, "ಮ್ಯಾನೇಜರೇ ಕೈಮುಗಿದು ಕರೆದ್ರು ಗೌಡ್ರೇ, ಹೆಂಗೆ ಇಲ್ಲ ಅನ್ನಲಿ?" ಎಂದೆ.

"ಅವ ಕರ್ದ ಅಂತ ಹೋದ್ಯಾ, ನಿಂಗೇ ಹೋಗಂಗಾಯ್ತಾ?"

"ಕರೆದ್ರು ಅಂತ."

ಅವರು ನನ್ನ ಮುಖವನ್ನು, ಗಾಜಿನ ತುಂಡನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ, ನೋಡಿದರು. "ಕೂಸ್ನ ಬಾವಿ ಕಟ್ಟೆ ಮ್ಯಾಲೆ ಕುಂಡ್ರುಸಿ ಐದ್ನಿಮ್ಸ ಅಂತ ಯಾರಾರೂ ಹೋಗ್ತಾರೇನ್ಲಾ" ಎಂದರು. ಅಷ್ಟೇ. ಮುದ್ದೆ ತಣ್ಣಗಾಗುತ್ತದೆ, ಉಣ್ಣು ಎಂದರು.

ಮುಂದಿನ ವಾರ ಓಟಿಯೆನೋಗೆ ಒಂದು ಪ್ಯಾನ್ ಪೂರ್ತಿ ಬಿಟ್ಟರು. ಮೂರು ಗಂಟೆ ಅವನು ಒಂದು ಹೆಜ್ಜೆ ಆಚೀಚೆ ಇಡಲಿಲ್ಲ. ಇಳಿದ ಸಕ್ಕರೆ ನೋಡಿ ಪ್ರಯೋಗಾಲಯದವರು ಗೌಡರೇ ಬೇಯಿಸಿದ್ದು ಎಂದುಕೊಂಡರು.

ಏಪ್ರಿಲ್ ಬಂತು. ದೊಡ್ಡ ಮಳೆ ಹಿಡಿದು ಕಬ್ಬಿನ ಗಾಡಿಗಳು ಕೆಸರಿನಲ್ಲಿ ಹೂತವು. ಗಿರಣಿ ನಿಂತಿತು. ಗೌಡರು ಟ್ರಂಕು ಕಟ್ಟಿದ ದಿನ ಬೆಳಿಗ್ಗೆ, "ನಡಿಲಾ, ಆ ಕಾಗ್ದ ಬರ್ಕೊಡು. ಇಂಗ್ಲೀಸ್ನಲ್ಲೇ ಇರ್ಬೇಕಂತೆ, ಅದ್ರಲ್ಲೇ ಒಡೀಬೇಕಂತೆ" ಎಂದರು. ಅವರ ಜಾಗಕ್ಕೆ ಯಾರೆಂಬ ಕಾಗದ. ಅದನ್ನು ಕಂಪ್ಯೂಟರಿನಲ್ಲೇ ಹೊಡೆಯಬೇಕೆಂದು ಭಟ್ನಾಗರ್ ಕಟ್ಟಪ್ಪಣೆ ಮಾಡಿದ್ದರು. ಹೊಡೆಯಬಲ್ಲವನು ನಾನೊಬ್ಬನೇ.

ಬಾಗಿಲಲ್ಲಿ ನಂಜುಂಡ ನನ್ನನ್ನು ಪಕ್ಕಕ್ಕೆ ಎಳೆದ. "ಗೌಡ್ರಿಗೆ ಇಂಗ್ಲೀಸ್ ಬರ್ತದಾ? ಭಟ್ನಾಗರಂಗೆ ಯಾರಾದ್ರೇನು? ನಿನ್ನೆಸ್ರು ಆಕ್ಕೊಳ್ಲಾ ಬೆಪ್ಪೇ. ಗೌಡ್ರು ಸಂಜೆ ವಿಮಾನದಲ್ಲಿರ್ತಾರೆ."

ಕೋಣೆಯಲ್ಲಿ ಗೌಡರು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಚಪ್ಪಲಿ ಬಿಟ್ಟಿದ್ದ ಕಾಲು ಏಸಿಯ ಚಳಿಗೆ ಒಂದರ ಮೇಲೊಂದು. ಅವರು ಹೇಳುತ್ತ ಹೋದರು, ನಾನು ಹೊಡೆಯುತ್ತ ಹೋದೆ.

"ನಾನು ನಾಕ್ವರ್ಸ ಪ್ಯಾನ್ ನೋಡ್ಕಂಡೆ ಅಂತ ಆಕು. ನಮ್ ಓಟಿಯೆನೋ ಹನ್ನೆಲ್ಡು ವರ್ಸದಿಂದ ಅವ್ನೆ, ಪ್ಯಾನ್ ಬುಟ್ಟು ಕದ್ಲಾಕಿಲ್ಲ, ಅವ್ನ್ಗೇ ಕೊಡ್ಬೇಕು ಅಂತ ಆಕು."

ಓಟಿಯೆನೋ ಎಂದು ಬರಬೇಕಾದ ಕಡೆ ನಾನು ಶಿವಣ್ಣ ಎಂದು ಹೊಡೆದೆ. ಕರೀ ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ನನ್ನ ಹೆಸರು, ಅದರ ಮುಂದೆ 'ಪ್ಯಾನ್ ಇನ್‌ಚಾರ್ಜ್'. ಚೆನ್ನಾಗಿ ಕಾಣುತ್ತಿತ್ತು. ಅಲ್ಲಿಗೆ ನಿಲ್ಲಿಸಿದೆ. ಗೌಡರು ಮುಂದಕ್ಕೆ ಬಗ್ಗಿ ಪರದೆಯನ್ನು ನೋಡಿದರು, ಇಂಗ್ಲಿಷ್ ಓದಲು ಬಾರದವರು ಅದರ ಅಕ್ಷರವನ್ನು ನೋಡುವ ಮರ್ಯಾದೆಯಲ್ಲಿ.

"ಇದ್ರಲ್ಲಿ ಓಟಿಯೆನೋ ಎಸ್ರು ಯಾವ್ದ್ಲಾ? ತೋರ್ಸು, ನೋಡವ."

ನನ್ನ ಹೆಸರಿನ ಮೇಲೆ ಬೆರಳಿಟ್ಟು ಇದೇ ಅಂದರೆ ಮುಗಿಯಿತು. ಬೆರಳೆತ್ತಿದೆ. ಪರದೆಯ ತನಕ ಹೋಯಿತು. ಅವರ ಕಣ್ಣು ಬೆರಳ ತುದಿಯ ಮೇಲೇ ಇತ್ತು. ಹೊಡೆಯುವುದು ಸುಲಭವಾಗಿತ್ತು, ತೋರಿಸಲು ಆಗಲಿಲ್ಲ.

"ಒಂದ್ನಿಮಿಷ ಗೌಡ್ರೇ, ತಪ್ಪು ಬಿದ್ದಿದೆ" ಎಂದೆ. ನನ್ನ ಹೆಸರಿನ ಕೊನೆಗೆ ಹಿಂದೆ ಹೋಗಿ ಎಂಟು ಸಲ ಅಳಿಸುವ ಕೀಲಿ ಒತ್ತಿದೆ. ಓಟಿಯೆನೋ ಎಂದು ಹೊಡೆದೆ. "ಇಗೋ, ಇದು."

"ಇಷ್ಟೇಯಾ? ಚಿಕ್ಕದಾಗದೆ" ಎಂದರು. "ನಿಂದೂ ಒಂದ್ಮಾತು ಆಕು. ಉಡ್ಗ ಒಳ್ಳೇವ್ನು, ಸುಳ್ ಏಳಾಕಿಲ್ಲ ಅಂತ."

ಅದನ್ನೂ ಹೊಡೆದೆ. ಪ್ರಿಂಟರಿಗೆ ಕೊಟ್ಟೆ. ಅರ್ಧ ಕಾಗದ ಹೊರಗೆ ಬಂದು ಸಿಕ್ಕಿಕೊಂಡಿತು. ಸುಕ್ಕಾಗಿ ಒಂದೇ ಸಾಲನ್ನು ಮೇಲೆ ಮೇಲೆ ಕುಟ್ಟತೊಡಗಿತು, ಓಟಿಯೆನೋ ಹೆಸರಿದ್ದ ಸಾಲು. ಬಾಗಿಲಲ್ಲಿ ಗುಮಾಸ್ತರು ನೆರೆದರು. ಭಟ್ನಾಗರ್ ಹಣೆ ಒತ್ತಿಕೊಂಡರು. ಹಾಗೇ ಬಿಟ್ಟಿದ್ದರೆ ಆ ದಿನ ಆ ಕಾಗದ ಬರುತ್ತಿರಲಿಲ್ಲ. ಅದನ್ನು ಬಿಡಿಸಬಲ್ಲವನು ಆ ಕಾರ್ಖಾನೆಯಲ್ಲಿ, ಬಹುಶಃ ಆ ಜಿಲ್ಲೆಯಲ್ಲೇ, ಇನ್ನೊಬ್ಬನಿರಲಿಲ್ಲ. ನಾನು ಮುಚ್ಚಳ ತೆಗೆದೆ, ಹಲ್ಲಿನ ಚಕ್ರ ಹಿಂದಕ್ಕೆ ತಿರುಗಿಸಿದೆ, ಚೂರು ಕಾಗದ ಉಗುರಲ್ಲಿ ಎಳೆದೆ, ಹೊಸ ಹಾಳೆಯ ತೂತುಗಳನ್ನು ಸರಿಯಾಗಿ ಕೂರಿಸಿದೆ. ಕಾಗದ ನೆಟ್ಟಗೆ ಹೊರಗೆ ಬಂತು. ಅಂಚು ಹರಿದು ಗೌಡರ ಕೈಗೆ ಕೊಟ್ಟೆ. ಅವರು ಕೆಳಗೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ರುಜು ಹಾಕಿದರು.

ಆಮೇಲೆ ನನ್ನ ಕೈಯನ್ನೇ ನೋಡಿದರು.

"ನೋಡ್ದಾ, ಎಷ್ಟು ಸಲೀಸಾಗಿ ಬುಡ್ಸ್‌ಬುಟ್ಟೆ. ಈ ಕೆಲ್ಸ ನಿನ್ ಕೈಗೆ ಒಗ್ಗದೆ ಕಣ್ಲಾ."

ಆ ಮಾತಿನಲ್ಲಿ ಅಣಕವಿರಲಿಲ್ಲ, ಮೆಚ್ಚಿಗೆಯೇ ಇತ್ತು. ಅಣಕವಾಗಿದ್ದರೆ ತಡೆದುಕೊಳ್ಳುತ್ತಿದ್ದೆ.